ಬೆಕ್ಕಿನ ಬಾಲದ ಹುಲ್ಲು

ಈ ಸಲದ ನವರಾತ್ರಿಯ ಮೂರನೆಯ ದಿನ ಬೆಳಿಗ್ಗೆ, ಕಾಫಿ ಲೋಟ ಹಿಡಿದುಕೊಂಡು ಹಿಂಬಾಗಿಲಿನಿಂದ ಅಂಗಳಕ್ಕೆ ಸುತ್ತಿ ಬಂದವಳು ಗೇಟಿನ ಹತ್ತಿರ ಹಾಗೇ ನಿಂತುಬಿಟ್ಟೆ. ನನ್ನ ಹುಲ್ಲಿಗೆ ತಲೆ ಇರಲಿಲ್ಲ.

ಆರು ಬುಡ. ಹಿಂದಿನ ಸಂಜೆ ಅವು ಸೊಂಟದೆತ್ತರಕ್ಕೆ ನಿಂತು, ನೇರಳೆ ಬಣ್ಣದ ಉದ್ದನೆಯ ತೆನೆಗಳನ್ನು ಕಡಲಗಾಳಿಗೆ ಒಂದೇ ಕಡೆ ಬಾಗಿಸಿಕೊಂಡಿದ್ದವು. ಈಗ ಬರೀ ಎಲೆ. ತೆನೆಗಳಿದ್ದಲ್ಲಿ ಕಡ್ಡಿ. ದನ ನುಗ್ಗಿರಬೇಕು ಎಂದುಕೊಂಡು ಗೇಟು ನೋಡಿದೆ, ಚಿಲಕ ಹಾಕಿಯೇ ಇತ್ತು. ಅಲ್ಲದೆ ದನ ತೆನೆಯನ್ನಷ್ಟೇ ಆರಿಸಿ, ಕಡ್ಡಿಯನ್ನು ಒಂದು ಗೇಣು ಬಿಟ್ಟು, ಓರೆಯಾಗಿ ಕೊಯ್ದುಕೊಂಡು ಹೋಗುವುದಿಲ್ಲ. ಇದು ಕತ್ತಿಯ ಕೆಲಸ, ಅದೂ ಪಳಗಿದ ಕೈಯದ್ದು.

ಹುಲ್ಲು ಕಳವಾಯಿತೆಂದು ಐವತ್ತು ದಾಟಿದ ಹೆಂಗಸೊಬ್ಬಳು ಇಷ್ಟು ಕಂಗಾಲಾಗುವುದುಂಟೇ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಅವತ್ತಿನ ದಿನಚರಿಯಲ್ಲಿ ಮೊದಲು ‘ಆಘಾತ’ ಎಂದು ಬರೆದಿದ್ದೇನೆ. ಅತಿಯಾಯಿತೆನಿಸಿ ಅದನ್ನು ಹೊಡೆದು ‘ಬೇಸರ’ ಎಂದು ಬರೆದಿದ್ದೇನೆ. ಅದು ಸುಳ್ಳೆನಿಸಿ ಮತ್ತೆ ‘ಆಘಾತ’ವೇ ಬಂದಿದೆ. ಆ ಹೊತ್ತಿಗೆ ಅದು ಅವತ್ತಿನ ಸಣ್ಣ ಆಘಾತವೆಂದು ನನಗೆ ಗೊತ್ತಿರಲಿಲ್ಲ.

ಈ ಹುಲ್ಲು ನಮ್ಮ ಮನೆಗೆ ಬಂದು ನಾಲ್ಕು ವರ್ಷವಾಯಿತು. ನಾನು ಕುಂದಾಪುರದ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ನಮ್ಮ ಮನೆ ಬೀಜಾಡಿಯಲ್ಲಿ, ಕಡಲಿಗೆ ಹತ್ತು ನಿಮಿಷದ ನಡಿಗೆ. ಮಣ್ಣೆಂದರೆ ಮರಳು. ಗುಲಾಬಿ ನೆಟ್ಟರೆ ಒಣಗುತ್ತದೆ, ಸೇವಂತಿಗೆ ನೆಟ್ಟರೆ ಉಪ್ಪುಗಾಳಿಗೆ ಕರಟುತ್ತದೆ. ದಾಸವಾಳವಾದರೂ ಆಗಲಿ ಎಂದು ಬ್ರಹ್ಮಾವರದ ಕಡೆಯ ಒಂದು ನರ್ಸರಿಗೆ ಹೋಗಿದ್ದೆ. ಅಲ್ಲಿ ಮೂಲೆಯಲ್ಲಿ ಕಪ್ಪು ಪ್ಲಾಸ್ಟಿಕ್ ಚೀಲಗಳಲ್ಲಿ ಈ ಹುಲ್ಲು ನಿಂತಿತ್ತು. ಗಾಳಿ ಬಂದಾಗ ಅಷ್ಟೂ ತೆನೆಗಳು ಒಟ್ಟಿಗೆ ಬಾಗಿ, ಗಾಳಿ ಹೋದ ಮೇಲೆ ಒಂದೊಂದಾಗಿ ಎದ್ದವು. ನಾನು ದಾಸವಾಳ ಮರೆತೆ.

“ಫೌಂಟನ್ ಗ್ರಾಸ್ ಅಕ್ಕಾ. ಇದ್ಕೆ ಎಂತದೂ ಬ್ಯಾಡ. ನೀರ್ ಬ್ಯಾಡ, ಗೊಬ್ರ ಬ್ಯಾಡ. ಸುಮ್ನೆ ಇದ್ರೆ ಆಯ್ತ್” ಅಂದ ನರ್ಸರಿಯವನು.

ಸುಮ್ಮನಿರುವುದು ನನ್ನಿಂದಾಗದ ಕೆಲಸ. ಮೊದಲ ಮೂರು ಬುಡಗಳನ್ನು ನಾನು ಪ್ರೀತಿಯಿಂದಲೇ ಕೊಂದೆ. ಹಟ್ಟಿಗೊಬ್ಬರ ಹಾಕಿದೆ, ನೆಲಗಡಲೆ ಹಿಂಡಿ ಕರಗಿಸಿ ಹೊಯ್ದೆ, ಬೆಳಿಗ್ಗೆ ಸಂಜೆ ನೀರು ಬಿಟ್ಟೆ. ಅವು ಉಕ್ಕಿ ಬೆಳೆದು, ಭಾರಕ್ಕೆ ನಡುವಿನಲ್ಲೇ ಸೀಳಿಕೊಂಡು ನಾಲ್ಕೂ ಕಡೆಗೆ ಮಲಗಿದವು. ಆಮೇಲೆ ಬಂದ ಮಳೆಗಾಲದಲ್ಲಿ ಬುಡ ಕೊಳೆತು ಹೋಯಿತು. ಎರಡನೆಯ ಸಲ ಬುದ್ಧಿ ಬಂತು. ಮರಳಿಗೆ ಮುರಕಲ್ಲಿನ ಚೂರು ಬೆರೆಸಿ ಮೊಣಕಾಲೆತ್ತರದ ದಿಬ್ಬ ಮಾಡಿ, ಅದರ ಮೇಲೆ ನೆಟ್ಟೆ. ಮಳೆಗಾಲದ ಮೊದಲು, ಮೇ ತಿಂಗಳ ಕೊನೆಯಲ್ಲಿ, ಇಡೀ ಬುಡವನ್ನು ಹಗ್ಗದಲ್ಲಿ ಜುಟ್ಟು ಕಟ್ಟಿದ ಹಾಗೆ ಕಟ್ಟಿ, ಒಂದು ಗೇಣು ಬಿಟ್ಟು ಕತ್ತರಿಸಿಬಿಡುವುದು. ನೋಡಿದವರು ಪಾಪ ಅನ್ನಬೇಕು, ಅಷ್ಟು ಬೋಳು. ಆದರೆ ಮಳೆ ಹಿಡಿದ ಹದಿನೈದೇ ದಿನಕ್ಕೆ ಹೊಸ ಎಲೆ. ಚೌತಿ ಕಳೆಯುವ ಹೊತ್ತಿಗೆ ಮೊದಲ ತೆನೆ. ಎರಡು ಮೂರು ವರ್ಷಕ್ಕೊಮ್ಮೆ ಬುಡದ ನಡುಭಾಗ ಸತ್ತು, ಸುತ್ತಲಷ್ಟೇ ಹಸಿರು ಉಳಿಯುತ್ತದೆ. ಆಗ ಅಗೆದು ತೆಗೆದು, ಹಾರೆಯಲ್ಲಿ ಒಡೆದು, ಹೊರಗಿನ ಹೋಳುಗಳನ್ನು ಬೇರೆ ಬೇರೆ ನೆಡಬೇಕು. ಈ ನಡುನೆತ್ತಿ ಬೋಳಾಗುವುದನ್ನು ನಾನು ವಿವರಿಸುವಾಗ ನಮ್ಮನೆಯವರು ತಲೆ ಮುಟ್ಟಿಕೊಂಡು ಒಳಗೆ ಹೋಗುತ್ತಾರೆ.

ಊರಿನವರಿಗೆ ಇದು ದೊಡ್ಡ ತಮಾಷೆ. ಬೀಚಿನ ದಾರಿಯಲ್ಲಿ ಹೋಗುವವರು ಕಾಂಪೌಂಡಿನ ಮೇಲಿಂದ ಇಣುಕಿ ಕೇಳುತ್ತಿದ್ದರು:

“ಹ್ವಾಯ್, ದನ ಸಾಂಕಿದ್ರ್ಯಾ?”

“ಇಲ್ಲ.”

“ಮತ್ತೆ ಈ ಹುಲ್ಲ್ ಯಾರಿಗೆ?”

“ಚಂದಕ್ಕೆ.”

ಅವರು ಸ್ವಲ್ಪ ಹೊತ್ತು ನಿಂತು ಹುಲ್ಲನ್ನೂ ನನ್ನನ್ನೂ ನೋಡಿ, ಮುಂದೆ ಹೋಗಿ, ತಿರುವಿನಲ್ಲಿ ಇನ್ನೊಮ್ಮೆ ತಿರುಗಿ ನೋಡುತ್ತಿದ್ದರು.

ಎಲ್ಲರಿಗಿಂತ ಹೆಚ್ಚು ನಕ್ಕದ್ದು ಪದ್ಮತ್ತೆ. ಪದ್ಮತ್ತೆ ಎಂದರೆ ನನ್ನ ಅಪ್ಪಯ್ಯನ ತಂಗಿ, ಎಂಬತ್ತೆರಡು ವರ್ಷ. ಹೆದ್ದಾರಿಯ ಆಚೆ ಕೋಟೇಶ್ವರದಲ್ಲಿ ಮಗ ರಾಘು ಭಾವನ ಮನೆಯಲ್ಲಿದ್ದಾರೆ. ವಾರಕ್ಕೆ ಎರಡು ಮೂರು ಸಲ ಕೈಚೀಲ ಹಿಡಿದು, ಹೆದ್ದಾರಿ ದಾಟಿ, ಒಬ್ಬರೇ ನಡೆದು ನಮ್ಮಲ್ಲಿಗೆ ಬರುತ್ತಾರೆ. ದಾರಿಯಲ್ಲಿ ಯಾರ ಮನೆಯಲ್ಲಿ ಬಸಳೆ ಚಿಗುರಿದೆ, ಯಾರ ಮಗಳು ಬಾಣಂತನಕ್ಕೆ ಬಂದಿದ್ದಾಳೆ, ಎಲ್ಲ ಅವರಿಗೆ ಬೇಕು. ಹುಲ್ಲನ್ನು ಮೊದಲ ಸಲ ಕಂಡಾಗ ಬುಡ ಹಿಡಿದು ಅಲ್ಲಾಡಿಸಿ ಕೇಳಿದ್ದರು: “ಇದ್ ನೆಟ್ಟದ್ದಾ, ಹುಟ್ಟಿದ್ದಾ?”

ಈಗ ನನ್ನ ತಪ್ಪಿನ ವಿಷಯ ಹೇಳಬೇಕು.

ಕಳೆದ ವರ್ಷ ಅತ್ತೆ ಒಮ್ಮೆ ಗ್ಯಾಸ್ ತಿರುಗಿಸಿ ಕಡ್ಡಿ ಗೀರುವುದನ್ನು ಮರೆತರು. ಇನ್ನೊಮ್ಮೆ ನಮ್ಮಲ್ಲಿಂದ ವಾಪಸು ಹೋಗುವಾಗ ದಾರಿ ತಪ್ಪಿ ಎಲ್ಲೋ ಹೋಗಿ ಮುಕ್ಕಾಲು ಗಂಟೆ ತಡವಾಗಿ ಮನೆ ಸೇರಿದರು. ದಾರಿ ತಪ್ಪಿದ್ದಲ್ಲ, ಯಾರದೋ ಮನೆಯಲ್ಲಿ ಮಗು ನೋಡಲು ಹೋದದ್ದು ಎಂದು ಅವರ ವಾದ. ಭಾವ ನಂಬಲಿಲ್ಲ. ಭಾವ ಕೆಟ್ಟವರಲ್ಲ, ಹೆದರಿದವರು.

“ಸುಮಾ, ನೀ ಎಲ್ಲ ಬರ್ದ್ ಇಡ್ತ್ಯಲ್ದಾ. ಅಮ್ಮ ನಿಮ್ಮಲ್ಲಿ ಎಂತಾರೂ ಹೆಚ್ಚುಕಮ್ಮಿ ಮಾಡ್ರೆ ನಂಗ್ ಹೇಳ್. ಇನ್ನೊಂದ್ ಸಲ ಎಂತಾರೂ ಆಯ್ತಂದ್ರೆ ಹೈವೇ ದಾಟುಕೆ ಬಿಡುದಿಲ್ಲ. ಮನೆಯೊಳ್ಗೇ ಇರ್ಲಿ” ಅಂದಿದ್ದರು.

ಬರೆದಿಡುವ ಚಟದವಳಿಗೆ ಹೀಗೊಂದು ಹುದ್ದೆ ಸಿಕ್ಕಿತು. ನಾನು ಒಪ್ಪಿಕೊಂಡೆ.

ಅದಾಗಿ ಸ್ವಲ್ಪ ದಿನಕ್ಕೆ, ತೆನೆ ಬಂದ ಕಾಲದಲ್ಲೇ, ಅತ್ತೆ ಹುಲ್ಲಿನ ಪಕ್ಕ ನಿಂತು ಒಂದು ತೆನೆಯನ್ನು ಅಂಗೈಯಲ್ಲಿ ಬುಡದಿಂದ ತುದಿಯವರೆಗೆ ನಿಧಾನ ಸವರಿದರು.

“ಇದ್ರನ್ನ್ ಮುಟ್ರೆ ನಂಗ್ ನಾವುಂದದ ನೆರೆ ನೆನ್ಪಾತ್ತ್. ನಿನ್ನ್ ಅಜ್ಜಯ್ಯ ನೆನ್ಪಾತ್ತ್.”

“ಈ ಹುಲ್ಲಿಗೂ ಅಜ್ಜಯ್ಯನಿಗೂ ಎಂತ ಅತ್ತೆ?”

“ನಿಂಗ್ ನೆನ್ಪಿಲ್ಯಾ? ನೀನೇ ಹಿಡ್ಕಂಡ್ ನಿಂತಿದ್ದೆ.”

ಅಜ್ಜಯ್ಯನ ಊರಾದ ನಾವುಂದದಲ್ಲಿ ಇಂಥ ಹುಲ್ಲು ಹಿಡಿದ ನೆನಪು ನನಗಿಲ್ಲ. ಬ್ರಹ್ಮಾವರದ ನರ್ಸರಿಯ ಹುಲ್ಲು ನಲವತ್ತು ವರ್ಷದ ಹಿಂದೆ ನಾವುಂದಕ್ಕೆ ಹೇಗೆ ಹೋಗಬೇಕು? ನಾನು ನಕ್ಕೆ. ಆಮೇಲೆ ಅವರು ಒಳಗೆ ಹೋದ ಮೇಲೆ ಭಾವನಿಗೆ ಫೋನು ಮಾಡಿ, ಅತ್ತೆಗೆ ಕಾಲ ದೇಶ ಎಲ್ಲ ಕಲಸಿಹೋಗುತ್ತಿದೆ ಅನಿಸುತ್ತದೆ ಎಂದೆ. ದಿನಚರಿಯಲ್ಲೂ ಬರೆದೆ.

ನಾವುಂದದ ಬಗ್ಗೆ ನನಗೆ ಅಷ್ಟು ಖಾತ್ರಿ ಇರಲು ಕಾರಣವಿತ್ತು. ಅದನ್ನು ಹೇಳಲು ಹೊಸ್ತಿನ ವಿಷಯಕ್ಕೆ ಬರಬೇಕು. ಹೊಸ್ತು ಎಂದರೆ ನಮ್ಮ ಕಡೆ ಹೊಸ ಭತ್ತದ ಕದಿರನ್ನು, ಅಂದರೆ ತೆನೆಯನ್ನು, ಮನೆಗೆ ತರುವ ಹಬ್ಬ. ನಸುಕಿಗೇ ಗದ್ದೆಗೆ ಹೋಗಿ ಒಂದು ಹಿಡಿ ಕದಿರು ಕೊಯ್ದು ತರಬೇಕು. ಗದ್ದೆ ಇಲ್ಲದವರು ಯಾರ ಗದ್ದೆಯಿಂದ ತಂದರೂ ಅವತ್ತು ಯಾರೂ ಏನೂ ಅನ್ನುವುದಿಲ್ಲ. ಅದಕ್ಕೆ ಮಾವು, ಹಲಸು, ಬಿದಿರಿನ ಎಲೆ ಸೇರಿಸಿ ಬಾಳೆನಾರಿನಲ್ಲಿ ಕಟ್ಟು ಮಾಡಿ ಬಾಗಿಲಿಗೆ, ತುಳಸಿಕಟ್ಟೆಗೆ, ಬಾವಿಗೆ ಕಟ್ಟುವುದು. ಈಗ ಸ್ಕೂಟರಿಗೂ ಕಾರಿಗೂ ಆಯಿತು. ಬಾಗಿಲಿನ ಕಟ್ಟು ಮುಂದಿನ ಹೊಸ್ತಿನವರೆಗೆ ಅಲ್ಲೇ ಇರುತ್ತದೆ. ಕದಿರಿನ ಕೆಲವು ಕಾಳು ಉಗುರಿನಲ್ಲಿ ಸುಲಿದು ಪಾಯಸಕ್ಕೆ ಹಾಕಬೇಕು. ಉಣ್ಣುವ ಮೊದಲು ಹಿರಿಯರಿಗೆ ‘ಹೊಸ್ತು ಉಂತೆ’ ಎಂದು ಹೇಳಬೇಕು, ಅವರು ‘ಉಣ್ಣ್’ ಅಂದ ಮೇಲೆಯೇ ತುತ್ತು.

ನಾನು ಐದನೆಯ ಕ್ಲಾಸಿನಲ್ಲಿದ್ದ ವರ್ಷ ದಸರಾ ರಜೆಗೆ ನಾವುಂದಕ್ಕೆ ಹೋಗಿದ್ದೆ. ಹೊಸ್ತಿನ ಬೆಳಿಗ್ಗೆ ಅಜ್ಜಯ್ಯ ತಲೆಗೆ ಪಂಚೆ ಸುತ್ತಿಕೊಂಡು, ಬಾಳೆಲೆ ಮುಚ್ಚಿದ ಕದಿರಿನ ಹೊರೆ ತಂದರು. ಅಂಗಳದ ತುದಿಯಲ್ಲಿ ಅದನ್ನು ನನ್ನ ಕೈಗೆ ಕೊಟ್ಟು, ತಾವು ಜಾಗಟೆ ಬಾರಿಸುತ್ತ ಮುಂದೆ ನಡೆದರು. ನಾನು ಕದಿರನ್ನು ಎದೆಗವಚಿಕೊಂಡು ಒಳಗೆ ಬಂದೆ. ಭತ್ತದ ಮೀಸೆ ಚುಚ್ಚಿ ಎಡಗೈ ಮೊಣಕೈವರೆಗೆ ಕೆಂಪಾಯಿತು. ಅಮ್ಮ ತೆಂಗಿನೆಣ್ಣೆ ಹಚ್ಚಿದಳು. ಹಸಿ ಭತ್ತದ ಹಾಲಿನ ವಾಸನೆ.

ಕ್ಲಾಸಿನಲ್ಲಿ ನಾನು ಪ್ರತಿ ವರ್ಷ ಹೇಳುವ ಮಾತೊಂದಿದೆ: ನೆನಪು ಸಾಕ್ಷಿಯಲ್ಲ, ನೆನಪನ್ನು ಯಾವಾಗಲೂ ಅನುಮಾನಿಸಿ. ಹೀಗೆ ಹೇಳುವಾಗಲೆಲ್ಲ ಮನಸ್ಸಿನಲ್ಲೇ ಈ ಒಂದು ನೆನಪಿಗೆ ರಿಯಾಯಿತಿ ಕೊಟ್ಟಿದ್ದೆ. ಏಕೆಂದರೆ ಅದು ತಲೆಯಲ್ಲಲ್ಲ, ಕೈಯಲ್ಲಿತ್ತು. ಈಗಲೂ ಕದಿರು ಕಂಡರೆ ಎಡಗೈ ತುರಿಸುತ್ತದೆ. ಚರ್ಮ ಯಾಕೆ ಸುಳ್ಳು ಹೇಳಬೇಕು?

ಸರಿ, ಗೇಟಿನ ಹತ್ತಿರ ಆರಿದ ಕಾಫಿ ಹಿಡಿದು ನಿಂತಿದ್ದೆನಲ್ಲ, ಆ ದಿನವೇ ನಮ್ಮನೆಯ ಹೊಸ್ತು. ನಮ್ಮಲ್ಲಿ ಹೊಸ್ತು ಮಾಡುವವರು ಪದ್ಮತ್ತೆಯೇ. ಕ್ರಮ ಗೊತ್ತಿರುವವರು ಅವರೊಬ್ಬರು. ಹಿಂದಿನ ದಿನವೇ ಬಂದು ಉಳಿಯುತ್ತಾರೆ, ನಾವು ಏಳುವ ಮೊದಲೇ ಹತ್ತಿರದ ಸಂಜೀವನ ಗದ್ದೆಗೆ ಹೋಗಿ ಕದಿರು ತಂದು ಕಟ್ಟುಗಳನ್ನು ಕಟ್ಟಿ ಮುಗಿಸುತ್ತಾರೆ. ನಾನು ಹಿಂಬಾಗಿಲಿನಿಂದಲೇ ಅಡುಗೆಮನೆಗೆ ಓಡಿದಾಗ ಮೆಟ್ಟುಕತ್ತಿಯ ಮಣೆಯ ಮೇಲೆ ಕೂತು ತೆಂಗಿನಕಾಯಿ ತುರಿಯುತ್ತಿದ್ದರು.

“ಅತ್ತೆ, ನನ್ನ ಹುಲ್ಲಿನ ತೆನೆ ಅಷ್ಟೂ ಯಾರೋ ಕೊಯ್ದಿದ್ದಾರೆ.”

“ಹ್ಞಾಂ.”

“ಆರು ಬುಡದ್ದೂ.”

“ಹುಲ್ಲಲ್ದಾ. ಮತ್ತೆ ಬತ್ತ್” ಅಂದರು, ಕಾಯಿಯ ಕರಟ ತಿರುಗಿಸುತ್ತ. “ಒಲೆ ಮೇಲೆ ಹಾಲ್ ಇತ್ತ್, ಕಾಣ್.”

ಬೆಳಿಗ್ಗೆಯಿಡೀ ಅಡುಗೆಮನೆಯಲ್ಲೇ ಕಳೆಯಿತು. ನಾನು ಮನಸ್ಸಿನಲ್ಲೇ ಕಳ್ಳರ ಪಟ್ಟಿ ಮಾಡುತ್ತಿದ್ದೆ. ಬೀಚಿಗೆ ಮದುವೆ ಫೋಟೋ ತೆಗೆಸಲು ಬರುವ ಜೋಡಿಗಳು ಮೊದಲ ಸ್ಥಾನದಲ್ಲಿದ್ದರು. ಹನ್ನೆರಡೂವರೆಗೆ ಭಾವನ ಕಾರಿನ ಹಾರ್ನ್ ಕೇಳಿತು. ಗೇಟು ತೆಗೆಯಲು ಅವತ್ತು ಮೊದಲ ಸಲ ಮುಂಬಾಗಿಲಿನಿಂದ ಹೊರಗೆ ಹೋದೆ. ಗೇಟು ತೆಗೆದು ತಿರುಗಿದೆ.

ಬಾಗಿಲಿನ ಮೇಲೆ ಕಟ್ಟು ತೂಗುತ್ತಿತ್ತು. ಸುತ್ತ ಮಾವಿನೆಲೆ, ಹಲಸಿನೆಲೆ, ಬಿದಿರಿನೆಲೆ. ನಡುವಿನಿಂದ ನೇರಳೆ ಬಣ್ಣದ ಬೆಕ್ಕಿನ ಬಾಲಗಳು ಇಳಿದಿದ್ದವು.

ತುಳಸಿಕಟ್ಟೆ ನೋಡಿದೆ, ಅಲ್ಲೂ ಅದೇ. ಬಾವಿಯ ರಾಟೆಯಲ್ಲಿ ಅದೇ. ನನ್ನ ಸ್ಕೂಟರಿನ ಹ್ಯಾಂಡಲ್ಲಿನಲ್ಲಿ ಅದೇ. ನಾನು ನೋಡುತ್ತ ನಿಂತಿದ್ದ ಹಾಗೆಯೇ ಅತ್ತೆ ಒಳಗಿನಿಂದ ಬಂದು, ಮಗ ಕಾರಿನಿಂದ ಇಳಿಯುವ ಮೊದಲೇ ಒಂದು ಸಣ್ಣ ಕಟ್ಟನ್ನು ಕಾರಿನ ಮುಂದುಗಡೆ ಕಟ್ಟಿ, ಕೈ ಮುಗಿದರು. ಭಾವನೂ ಕೈ ಮುಗಿದರು.

ಅತ್ತೆಗೆ ಭತ್ತ ಯಾವುದು ಹುಲ್ಲು ಯಾವುದು ಗೊತ್ತಾಗದೆ ಹೋಯಿತಲ್ಲ. ಹುಟ್ಟಿದ ಲಾಗಾಯ್ತು ಗದ್ದೆಯ ಬದುವಿನಲ್ಲಿ ಬೆಳೆದವರು. ಭಾವನಿಗೆ ಗೊತ್ತಾದರೆ ಮುಗಿಯಿತು. ಅತ್ತೆಯ ಕೈಚೀಲ ಮೊಳೆಗೆ ಬೀಳುತ್ತದೆ, ಇನ್ನು ಹೆದ್ದಾರಿಯ ಈಚೆ ಅವರನ್ನು ಕಾಣುವಂತಿಲ್ಲ. ಹೇಳದಿದ್ದರೆ, ನಾಳೆ ಲಾರಿ ಯಾವುದು ಖಾಲಿ ರಸ್ತೆ ಯಾವುದು ತಿಳಿಯದೆ ಹೋದರೆ? ಮೊದಲ ದೂರು ಕೊಟ್ಟವಳು ನಾನೇ. ಎರಡನೆಯದಕ್ಕೆ ಈಗ ಇಡೀ ಮನೆಯ ಮೇಲೆ ಸಾಕ್ಷಿ ತೂಗುತ್ತಿದೆ.

ಊಟಕ್ಕೆ ಕೂತೆವು. ಎಲ್ಲರೂ ಹೇಳಿದರು, ನಾನೂ ಹೇಳಬೇಕಾಯಿತು.

“ಅತ್ತೆ, ಹೊಸ್ತು ಉಂತೆ.”

ಅತ್ತೆ ನನ್ನ ಮುಖವನ್ನೇ ನೋಡಿದರು. ಸಾಮಾನ್ಯಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು.

“ಉಣ್ಣ್ ಮಗಾ.”

ಪಾಯಸದಲ್ಲಿ ಹಲ್ಲಿಗೆ ಒಂದು ಗಟ್ಟಿ ಕಾಳು ಸಿಕ್ಕಿತು. ಅದು ಅಕ್ಕಿಯೇ ಆಗಿತ್ತು. ಅದು ಎಲ್ಲಿಂದ ಬಂತು ಎಂದು ಹೊಳೆಯದೆ ನುಂಗಿದೆ.

ಊಟವಾದ ಮೇಲೆ ನಮ್ಮನೆಯವರು ಮಲಗಲು ಹೋದರು. ಭಾವ ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡರು. ಈಗ ಹೇಳಿಬಿಡಬೇಕು ಎಂದುಕೊಂಡು ನಾನೂ ಎದುರು ಕೂತೆ. ಆದರೆ ಭಾವನೇ ತಲೆ ಎತ್ತಿ ಬಾಗಿಲಿನ ಕಟ್ಟನ್ನು ನೋಡಿದರು.

“ಈ ಸಲದ ಕದಿರ್ ಎಂತ ದಪ್ಪ ಇತ್ತಲೆ ಸುಮಾ. ಬಣ್ಣವೂ ಬ್ಯಾರೆ. ಎಂತ, ಹೊಸ ತಳಿಯಾ?”

ಬಾಗಿಲ ಸಂದಿಯಲ್ಲಿ ಅತ್ತೆ ನಿಂತಿದ್ದರು. ಕೈಯಲ್ಲಿ ಮಜ್ಜಿಗೆ ಪಾತ್ರೆ. ಅವರು ಮಗನನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು. ಆ ಕಣ್ಣಿನಲ್ಲಿ ಗಲಿಬಿಲಿ ಇರಲಿಲ್ಲ. ಕಾಯುವಿಕೆ ಇತ್ತು.

ತಾಯಿಯ ಬುದ್ಧಿಯ ಬಗ್ಗೆ ಚಿಂತೆ ಮಾಡುವ ಮಗನಿಗೇ ಕದಿರಿನ ಗುರುತಿಲ್ಲ ಎಂದು ನನಗೆ ಆಗ ನಗು ಬರಬೇಕಿತ್ತು. ಬರಲಿಲ್ಲ. ಬಾಯಿಂದ ಮಾತು ತಾನಾಗಿ ಬಂತು.

“ಹೌದು ಭಾವ. ಬ್ರಹ್ಮಾವರದ್ದು.”

“ಹಾಂಗಾರೆ ಸರಿ” ಅಂದು ಭಾವ ಎದ್ದು ಒಳಗೆ ಹೋಗಿ ಚಾಪೆ ಹಾಸಿಕೊಂಡರು.

ಅತ್ತೆ ಪಾತ್ರೆ ಕೆಳಗಿಟ್ಟರು. ಜಗಲಿ ಇಳಿದು ನನ್ನ ಹುಲ್ಲಿನ ದಿಬ್ಬದ ಹತ್ತಿರ ಹೋಗಿ ನಿಂತರು. ನಾನು ಹಿಂದೆ ಹೋದೆ.

“ಸುಳ್ಳ್ ಹೇಳುಕೆ ನಿನ್ನ್ ಅಜ್ಜಯ್ಯನ ಹಾಂಗೇ ಬತ್ತ್ ನಿಂಗೆ” ಅಂದರು.

“ಅಜ್ಜಯ್ಯ ಸುಳ್ಳು ಹೇಳಿದವರಲ್ಲ.”

“ನಿಂಗೇ ಹೇಳಿದ್ರ್.”

ಅತ್ತೆ ಬಗ್ಗಿ ಒಂದು ಬುಡದ ಎಲೆಗಳನ್ನು ಎರಡು ಕಡೆಗೆ ಬಿಡಿಸಿದರು, ಮಗುವಿನ ತಲೆಯಲ್ಲಿ ಹೇನು ನೋಡುವ ಹಾಗೆ.

“ನಾ ಬೆಳಗಾತ ಸಂಜೀವನ ಗದ್ದೆಗೆ ಹೋದೆ. ಈ ಸಲ ಅಂವ ನಟ್ಟಿ ತಡವಾಯ್ ಮಾಡದ್ದ್. ಕದಿರ್ ಹೊಟ್ಟೆಯೊಳ್ಗೇ ಇತ್ತ್, ಹೊರ್ಗೆ ಬರ್ಲ. ಬಸ್ರಿ ಪೈರನ್ನ್ ಕೊಯ್ಯುಕಾತ್ತಾ? ಬ್ಯಾರೆ ಗದ್ದೆ ಎಲ್ಲಿತ್ತ್ ಇಲ್ಲಿ? ಬಾಗ್ಲ್ ಬರಿದಾಯ್ ಬಿಡುಕಾಗ. ವಾಪಾಸ್ ಬಪ್ಪತಿಗೆ ನಿನ್ನ್ ಹುಲ್ಲ್ ಕಂಡ್ತ್.”

“ಮತ್ತೆ ಪಾಯಸದ ಕಾಳು?”

“ಹೋದ ವರ್ಷದ ಕಟ್ಟಿನಗೆ ಆರ್ ಕಾಳ್ ಉಳ್ದಿತ್ತ್. ಹಕ್ಕಿ ಬಿಟ್ಟದ್ದ್.”

ಮಧ್ಯಾಹ್ನದಿಂದ ನಾನು ಅವರ ಬುದ್ಧಿಗಾಗಿ ಮರುಗುತ್ತಿದ್ದೆ. ಅವರು ಬೆಳಿಗ್ಗೆಯೇ ಆರು ಕಾಳು ಎಣಿಸಿ ಇಟ್ಟಿದ್ದರು.

“ಇದೆಲ್ಲ ಎಂತ ಹೊಸತಾ?” ಅತ್ತೆ ಮುಂದುವರಿಸಿದರು. “ನೀ ಸಣ್ಣದಿಪ್ಪತಿಗೆ, ನಾವುಂದದಗೆ ನೆರೆ ಬಂದ ವರ್ಷ, ಕದಿರ್ ಹೊಮ್ಮಿದ್ ಗದ್ದೆ ಎಂಟ್ ದಿನ ನೀರಡಿ. ಎಲ್ಲ ಕೊಳ್ತ್ ಹೋಯ್ತ್. ಏಳ್ ಮನೆಗೆ ಕದಿರ್ ಹೋಪುದ್ ನಮ್ಮ್ ಗದ್ದೆಯಿಂದ. ಅಪ್ಪಯ್ಯ, ನಿನ್ನ್ ಅಜ್ಜಯ್ಯ, ಹೊಸ್ತಿನ ದಿನ ಗುಡ್ಡೆ ಹತ್ತಿ ಬೆಕ್ಕಿನ ಬಾಲದಂತಾ ಹುಲ್ಲ್ ಕೊಯ್ಕಂಡ್ ಬಂದ್ರ್. ಬಾಳೆಲೆ ಮುಚ್ಚಿ ತಂದ್ರ್. ಎಲೆ ಸುತ್ತ ಇಟ್ಟ್ ಕಟ್ರ್. ಏಳ್ ಮನೆಗೂ ಕೊಟ್ರ್.”

“ಯಾರಿಗೂ ಗೊತ್ತಾಗಲಿಲ್ಲವಾ?”

“ಎಲ್ಲರಿಗೂ ಗೊತ್ತಿತ್ತ್. ಯಾರೂ ಕೇಳ್ಲ. ಕೇಂಡದ್ ನೀ ಒಬ್ಳೇ. ಅಂಗಳದಗೆ ನಿನ್ ಕೈಗೆ ಕೊಟ್ಟಾಪತಿಗೆ ‘ಅಜ್ಜಯ್ಯಾ, ಇದ್ ಮೆತ್ತಗಿತ್ತಲೆ’ ಅಂದೆ. ಅಪ್ಪಯ್ಯನ ಮುಖ ಕಾಣ್ಕಿತ್ತ್. ಆಮೇಲೆ ಹೇಳ್ರ್, ‘ಹೊಸ ತಳಿ ಮಗಾ. ಬ್ರಹ್ಮಾವರದ್ದ್.’ ”

ನಮ್ಮ ಕಡೆ ಹೊಸ ಬೀಜವೆಂದರೆ ಬ್ರಹ್ಮಾವರದ ಕೃಷಿ ಕೇಂದ್ರದಿಂದಲೇ ಬರುವುದು. ಆ ಮಾತು ಯಾರ ಬಾಯಲ್ಲೂ ಬರಬಹುದಿತ್ತು. ಹಾಗೆಂದು ನನಗೆ ನಾನೇ ಹೇಳಿಕೊಂಡೆ. ಈಗಲೂ ಹೇಳಿಕೊಳ್ಳುತ್ತೇನೆ. ಆದರೆ ಅವತ್ತು ಅಂಗಳದಲ್ಲಿ ನನ್ನ ಬಲಗೈ ತಾನಾಗಿ ಎಡಗೈಯನ್ನು ಸವರಿತು.

“ಇಲ್ಲ ಅತ್ತೆ. ನಂಗೆ ಚುಚ್ಚಿತ್ತು. ಕೈ ಕೆಂಪಾಗಿತ್ತು. ಅಮ್ಮ ಎಣ್ಣೆ ಹಚ್ಚಿದ್ದಳು.”

ಅತ್ತೆ ನನ್ನನ್ನು ನೋಡಿದ ರೀತಿ ನನಗೆ ಗೊತ್ತಿತ್ತು. ಕಳೆದ ವರ್ಷ ನಾನು ಅವರನ್ನು ಹಾಗೆಯೇ ನೋಡಿದ್ದೆ.

“ಆಯ್ಲಿ” ಅಂದರು, ಬಹಳ ಮೆಲ್ಲಗೆ. ಆಮೇಲೆ ಹುಲ್ಲಿನ ಬುಡಕ್ಕೆ ಕೈ ತಟ್ಟಿ, “ಇದ್ರ್ ನಡೂ ಸತ್ತಿತ್ತ್ ಕಾಣ್. ದೀಪಾವಳಿ ಕಳ್ದ್ ಮೇಲೆ ಒಡ್ದ್ ನೆಡ್. ನಂಗೂ ಒಂದ್ ಹೋಳ್ ಇಡ್. ರಾಘುವಿನ ಗೇಟಿನ ಹತ್ರ ಜಾಗ ಇತ್ತ್” ಎಂದು ಕೈಚೀಲ ತರಲು ಒಳಗೆ ಹೋದರು.

ಭಾವ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆಂದರು. ಅತ್ತೆ ದಾರಿಯಲ್ಲಿ ಒಂದು ಮನೆಗೆ ಪಾಯಸ ಕೊಡುವುದಿದೆ, ನಡೆದೇ ಬರುತ್ತೇನೆ ಎಂದರು. ಭಾವ ನನ್ನ ಮುಖ ನೋಡಿದರು. ನಾನು ಪಾಯಸದ ಡಬ್ಬಿ ತಂದು ಅತ್ತೆಯ ಕೈಗೆ ಕೊಟ್ಟೆ. ಕಾರು ಮೊದಲು ಹೋಯಿತು; ಮುಂದುಗಡೆ ನನ್ನ ಹುಲ್ಲು ಅಲ್ಲಾಡುತ್ತಿತ್ತು. ಹಿಂದೆ ಪಾಯಸದ ಡಬ್ಬಿ ಹಿಡಿದು ಅತ್ತೆ ನಡೆದರು.

ಅವರು ತಿರುವು ದಾಟುವುದರೊಳಗೆ ನಾನು ಕಪಾಟಿನ ಮೇಲಿನ ಟ್ರಂಕು ಇಳಿಸಿದ್ದೆ. ನನ್ನ ಎಲ್ಲ ದಿನಚರಿಗಳೂ ಅದರಲ್ಲಿವೆ. ಎಲ್ಲಕ್ಕಿಂತ ಅಡಿಯಲ್ಲಿರುವುದು ಒಂದು ತೆಳ್ಳಗಿನ ಕಾಪಿ ಪುಸ್ತಕ: ಐದನೆಯ ಕ್ಲಾಸಿನ ಟೀಚರು ದಸರಾ ರಜೆಯಲ್ಲಿ ದಿನಕ್ಕೊಂದು ಪುಟ ಬರೆಯಲು ಹೇಳಿದ್ದ ದಿನಚರಿ. ನನ್ನ ಬರೆಯುವ ಚಟ ಶುರುವಾದದ್ದು ಅಲ್ಲಿಂದ. ಅದನ್ನು ಅಭಿಮಾನದಿಂದ ಇಟ್ಟುಕೊಂಡಿದ್ದೇನೆ, ಹಲವರಿಗೆ ತೋರಿಸಿದ್ದೇನೆ. ಓದಿದ್ದೇನೆಯೇ ಎಂದು ಈಗ ಕೇಳಿದರೆ ಗೊತ್ತಿಲ್ಲ.

ಹೊಸ್ತಿನ ಪುಟ ಸಿಕ್ಕಿತು. ಪೆನ್ಸಿಲ್ಲಿನ ಅಕ್ಷರ.

‘ಇವತ್ತು ಹೊಸ್ತು. ಅಜ್ಜಯ್ಯ ಕದಿರು ತಂದರು. ನಾನು ಹಿಡಿದುಕೊಂಡೆ. ಕದಿರು ಬೆಕ್ಕಿನ ಬಾಲದ ಹಾಗೆ ಮೆತ್ತಗಿತ್ತು.’

ಆ ಕೊನೆಯ ವಾಕ್ಯದ ಅಡಿಗೆ ಕೆಂಪು ಗೆರೆ. ಬದಿಯಲ್ಲಿ ಟೀಚರ ಕೆಂಪು ಶಾಯಿ: ‘ತಪ್ಪು. ಕದಿರು ಮೆತ್ತಗಿರುವುದಿಲ್ಲ. ಸರಿಮಾಡಿ ಮೂರು ಸಲ ಬರೆ.’

ಭಾವನಿಗೆ ಫೋನು ಮಾಡಿದೆ.

“ಭಾವ, ಕಳೆದ ವರ್ಷ ಅತ್ತೆ ನಾವುಂದದ ನೆರೆಯ ಬಗ್ಗೆ ಹೇಳಿದ್ದು ತಪ್ಪು ಅಂತ ನಿಮಗೆ ಹೇಳಿದ್ದೆನಲ್ಲ. ಅವರು ಹೇಳಿದ್ದು ಸರಿ ಇತ್ತು. ನೆನಪಿಲ್ಲದ್ದು ನನಗೆ.”

“ಅದನ್ನ್ ಹೇಳುಕೆ ಫೋನ್ ಮಾಡದ್ದಾ?”

“ಹೌದು. ಬರೆದು ಇಟ್ಟದ್ದನ್ನೂ ತಿದ್ದುತ್ತೇನೆ. ಅತ್ತೆ ಬಂದರಾ?”

“ಬಪ್ಪುದ್ ಕಾಣ್ತಿತ್ತ್. ರಸ್ತೆ ದಾಟಿ ಆಯ್ತ್. ಅಲ್ಲಿ ಯಾರನ್ನೋ ನಿಲ್ಸ್‌ಕಂಡ್ ಮಾತಾಡ್ತಾ ಇದ್ರ್.” ಆಮೇಲೆ ಭಾವನೇ, “ಇರ್ಲಿ, ಬತ್ರ್” ಅಂದರು.

ಫೋನಿಟ್ಟು ಪುಟ ತಿರುಗಿಸಿದೆ. ಮರುಪುಟದಲ್ಲಿ ಹತ್ತು ವರ್ಷದ ನಾನು ಟೀಚರು ಹೇಳಿದ ಹಾಗೆ ಮಾಡಿದ್ದೆ.

‘ಕದಿರು ಚುಚ್ಚುತ್ತದೆ.’

‘ಕದಿರು ಚುಚ್ಚುತ್ತದೆ.’

ಮೊದಲನೆಯದರಲ್ಲಿ ಪೆನ್ಸಿಲ್ಲನ್ನು ಒತ್ತಿ ಒತ್ತಿ ಕಾಗದ ಹರಿದಿದೆ. ಎರಡನೆಯದು ಓರೆಯಾಗಿದೆ. ಮೂರನೆಯದರಲ್ಲಿ ಅಕ್ಷರ ದುಂಡಗೆ, ಸಲೀಸಾಗಿ ಬಂದಿದೆ:

‘ಕದಿರು ಚುಚ್ಚುತ್ತದೆ. ನನ್ನ ಕೈಗೆ ಚುಚ್ಚಿತು.’

ಎಣ್ಣೆಯ ವಿಷಯ ಎಲ್ಲೂ ಇಲ್ಲ. ಪುಸ್ತಕ ಮುಚ್ಚಿದೆ. ಎಡಗೈ ತುರಿಸುತ್ತಿತ್ತು.